ಕಡೀ ನುಡಿಯ ಹೆಸರು

ತಾಂಬಾ
೯ ಜನವರಿ ೨೦೨೫

ನನ್ನ ಅವ್ವ ರಾಜಬಿಗೆ,

ನಿನ್ನ ಮಗಳು ಫಿರದೋಸ ಮಾಡುವ ಸಲಾಂ. ಇಲ್ಲಿ ನಾನೂ, ನಿನ್ನ ಅತ್ತೆ ನನ್ನ ದಾದಿಯೂ ಆರಾಮ ಇದ್ದೇವೆ. ತಂಗಡಗಿಯಲ್ಲಿ ನೀನು, ಮಾಮು, ಮಾಮಿ ಎಲ್ಲರೂ ಆರಾಮ ಇದ್ದೀರಿ ಎಂದು ತಿಳಿದಿದ್ದೇನೆ. ಪತ್ರ ಬರೆಯಲು ಬಹಳ ತಡವಾಯಿತು, ಸಿಟ್ಟಾಗಬೇಡ. ನಿಂಬೆಕಾಯಿ ಆರಿಸುವ ಕೆಲಸಕ್ಕೆ ಹೋಗುತ್ತೇನೆ ಎಂದು ಬರೆದಿದ್ದೆನಲ್ಲ, ದಿನವಿಡೀ ಕಾಯಿ ಮುಟ್ಟಿ ಮುಟ್ಟಿ ಬೆರಳ ತುದಿ ಒಡೆದಿವೆ. ಪೆನ್ನು ಹಿಡಿದರೂ ಉರಿಯುತ್ತದೆ. ಮನೆಗೆ ಬಂದು ದಾದಿಯ ಮೊಣಕಾಲಿಗೆ ಎಣ್ಣೆ ತಿಕ್ಕಿ, ರೊಟ್ಟಿ ಬಡಿದು ಕೂರುವಷ್ಟರಲ್ಲಿ ನನಗೆ ನಾನೇ ಬೇಡವಾಗಿರುತ್ತೇನೆ.

ಮಾಮುವಿನ ಫೋನಿಗೆ ಹಚ್ಚಬಹುದಿತ್ತು. ಆದರೆ ನಿನ್ನ ಎಡಗಿವಿ ಪೂರಾ ಹೋಗಿದೆ, ಬಲಗಿವಿಗೆ ಹಿಡಿದರೂ ನೀನು "ಏನಂದೀ? ಏನಂದೀ?" ಅನ್ನುತ್ತೀ. ನಾನು ಕೂಗಬೇಕು, ಕೂಗಿದ್ದನ್ನು ನಿಮ್ಮ ಓಣಿಯೂ ನಮ್ಮ ಓಣಿಯೂ ಕೇಳಬೇಕು. ವಾಟ್ಸಾಪಿನಲ್ಲಿ ಕಳಿಸಿದರೆ ನಿನಗಿಂತ ಮೊದಲು ಮಾಮಿ ಓದುತ್ತಾಳೆ. ಇದು ನೀನೊಬ್ಬಳೇ ಓದಬೇಕಾದ ಸಂಗತಿ. ನೀನು ಅಕ್ಷರ ಕೂಡಿಸಿಕೊಂಡು ಓದುವವಳು ಎಂದು ದೊಡ್ಡದಾಗಿ ಬಿಡಿಸಿ ಬರೆದಿದ್ದೇನೆ.

ಸಂಗತಿ ಏನೆಂದರೆ, ಅಬ್ಬಾನ ಹಾಡು ಸಿನಿಮಾದವರಿಗೆ ಬೇಕಂತೆ.

ಹೋದ ವಾರ ನಮ್ಮ ಭೀಮಶ್ಯಾ ಕಾಕಾ ಒಬ್ಬ ಹೆಣ್ಣುಮಗಳನ್ನು ಮನೆಗೆ ಕರೆದುಕೊಂಡು ಬಂದರು. ಅಬ್ಬಾನ ಮೇಳದಲ್ಲಿ ಕಡೆಯತನಕ ತುಂತುಣಿ ಬಾರಿಸಿದ ಕಾಕಾ, ಅಬ್ಬಾ ತೀರಿಕೊಂಡು ಎರಡು ವರ್ಷವಾದರೂ ದಿನಾ ಒಂದು ಸಲ ಬಂದು ನಮ್ಮ ಕಟ್ಟೆಗೆ ಕೂತು ಹೋಗುತ್ತಾರೆ. ಬಂದ ಹೆಣ್ಣುಮಗಳ ಹೆಸರು ಪ್ರಜ್ಞಾ. ಇಂಡಿ ಊರಿನವರೇ. ಬೆಂಗಳೂರಿಗೆ ಹೋಗಿ ಸಿನಿಮಾ ತೆಗೆಯುವುದನ್ನು ಕಲಿತು ಬಂದವರು. ದಾದಿ ಅವರ ಕತ್ತರಿಸಿದ ಕೂದಲು ನೋಡಿ, "ಜಡ್ಡು ಬಿದ್ದಿದ್ರೇನವ್ವಾ?" ಎಂದು ಕೇಳಿಯೇಬಿಟ್ಟಳು. ಅವರು ನಕ್ಕು, "ಇಲ್ರಿ ಅಜ್ಜಿ, ಎಣ್ಣಿ ಉಳಸಾಕ," ಅಂದರು. ದಾದಿಗೆ ಅಲ್ಲಿಂದ ಅವರು ಸೇರಿದರು.

ಅವರ ಸಿನಿಮಾದ ಕತೆ ಹೀಗಿದೆ. ಒಬ್ಬ ದೊಡ್ಡ ಹಾಡಿಕಿ ಮಾಸ್ತರನ ಹತ್ತಿರ ಒಂದು ಹುಡುಗಿ ಹಾಡು ಕಲಿಯುತ್ತಾಳೆ. ಹೆಣ್ಣು ಹೆಚ್ಚೋ ಗಂಡು ಹೆಚ್ಚೋ ಎಂದು ಎರಡು ಮೇಳ ವಾದಕ್ಕಿಳಿಯುವ ಹಾಡಿಕಿಯಲ್ಲಿ ಅವನು ಹೆಣ್ಣೇ ಹೆಚ್ಚು ಎಂದು ಹಾಡು ಕಟ್ಟುವವನು. ದೊಡ್ಡವಳಾದ ಮೇಲೆ ಅವಳಿಗೆ ಅವನು ಮನೆಯ ಹೆಣ್ಣುಮಕ್ಕಳನ್ನು ಹೇಗೆ ನಡೆಸಿಕೊಂಡ ಎಂಬುದು ತಿಳಿಯುತ್ತದೆ. ಇನ್ನು ಅವನ ಹಾಡು ಹಾಡಬೇಕೋ ಬೇಡವೋ, ಅದೇ ಅವಳ ಸಂಕಟ. ಮಾಸ್ತರನ ಹೆಸರು ಬೇರೆ ಇಟ್ಟಿದ್ದಾರೆ. ಆದರೆ ಹಾಡು ಮಾತ್ರ ಅಬ್ಬಾನದೇ ಬೇಕು. ಹಲಸಂಗಿಯಿಂದ ಸಿಂದಗಿಯತನಕ ಯಾರನ್ನು ಕೇಳಿದರೂ ತಾಂಬಾದ ಖಾಜಾಸಾಬನ ಹಾಡೇ ಹಾಡು ಅಂದರಂತೆ. ಅವನು ಹೆಂಡತಿಯನ್ನು ಹೊಡೆದು ಕಿವುಡಿ ಮಾಡಿದ್ದನ್ನೂ ಅವರೇ ಹೇಳಿದರಂತೆ. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದರು ಎಂದು ಪ್ರಜ್ಞಾ ಅಕ್ಕ ಆಮೇಲೆ ನನಗೆ ಹೇಳಿದರು.

"ಹೆಂಗಸಿನ ದನಿ ಬೇಕು, ಯಾರು ಹಾಡ್ತಾರ?" ಎಂದು ಅವರು ಕೇಳಿದರೆ ಕಾಕಾ ಬಾಗಿಲ ಹಿಂದೆ ನಿಂತ ನನ್ನನ್ನು ತೋರಿಸಿದರು. "ಈಕಿ ಹಾಡ್ತಾಳ್ರಿ. ಆದ್ರ ಎಮ್ಮಿ ಮುಂದ ಅಷ್ಟ ಹಾಡ್ತಾಳ. ಮಂದಿ ಕಂಡ್ರ ಬಾಯಿಗೆ ಕೀಲಿ."

"ಹಂಗಾರ ನಾವು ಎಮ್ಮಿ ಹಿಂದ ಕುಂದ್ರತೀವಿ ಬಿಡ್ರಿ," ಅಂದರು ಅಕ್ಕ.

ಸುಳ್ಳಲ್ಲ ಅವ್ವಾ, ಹಾಗೇ ಮಾಡಿದರು. ದನದ ಮನೆಯಲ್ಲಿ ನಾನು ಎಮ್ಮೆಗೆ ಮೇವು ಹಾಕುತ್ತ ಬೆನ್ನು ತಿರುಗಿಸಿ ಹಾಡಿದೆ. "ಹೊತ್ತವಳಾಕಿ, ಹೆತ್ತವಳಾಕಿ, ಹೊತ್ತು ಮುಳುಗುತನ ದುಡಿದಾಕಿ" ಎಂಬ ಹಾಡು. ನಿನಗೆ ಗೊತ್ತಿರುವುದೇ. ಮುಗಿಸಿ ತಿರುಗಿದರೆ ಅಕ್ಕ ಕಣ್ಣು ಒರೆಸಿಕೊಳ್ಳುತ್ತಿದ್ದರು. ನನಗೆ ಖುಷಿಯಾಯಿತು. ಖುಷಿಯಾದದ್ದಕ್ಕೆ ನಾಚಿಕೆಯೂ ಆಯಿತು. ಆ ಹಾಡಿನ ವಿಷಯದಲ್ಲಿ ನನಗೆ ಯಾವಾಗಲೂ ಎರಡೂ ಜೊತೆಗೇ ಬರುತ್ತವೆ.

ಕಟ್ಟೆಗೆ ಬಂದು ಕೂತ ಮೇಲೆ ಜಗಳ ಶುರುವಾಯಿತು. ಅಕ್ಕ ಹೇಳಿದರು, "ಪೂರಾ ಹಾಡು ತಗೋತೀನಿ. ಕಡೀ ನುಡಿ ಬ್ಯಾಡ."

ಕಾಕಾಗೆ ಮೊದಲು ತಿಳಿಯಲಿಲ್ಲ. ತಿಳಿದ ಮೇಲೆ ಎದ್ದು ನಿಂತುಬಿಟ್ಟರು. "ಏನಂತೀರವ್ವಾ? ಕಡೀ ನುಡಿಯಾಗ ಊರ ಹೆಸರ ಬರ್ತದ, ಹಾಡು ಕಟ್ಟಿದವನ ಹೆಸರ ಬರ್ತದ. ಅದನ್ನ ಹಾಡದ ಹಾಡಿಕಿಯವರು ಪದರ ಕೊಡವಿ ಎದ್ದೇಳೂದಿಲ್ಲ. ನಮ್ಮ ಮುತ್ಯಾನ ಮುತ್ಯಾನ ಕಾಲದಿಂದ ಬಂದದ್ದು."

"ಗೊತ್ತೈತ್ರಿ ಕಾಕಾ. ಅದಕ್ಕ ಬ್ಯಾಡ ಅಂದೆ. ಹಾಡು ಉಳೀಲಿ, ಹೆಸರು ಹೋಗ್ಲಿ. ನನ್ನ ಕತಿಯಾಗ ಆ ಹುಡುಗಿ ಕಡೀಕ ಅದನ್ನ ಮಾಡ್ತಾಳ."

ಒಳಗಿದ್ದ ದಾದಿ ಗೋಡೆ ಹಿಡಿದುಕೊಂಡು ಹೊರಗೆ ಬಂದಳು. "ಅವನ ಹೊಟ್ಟೀಲೆ ಹೊತ್ತಾಕಿ ನಾನು. ಹಾಡು ಬೇಕು, ನನ್ನ ಮಗ ಬ್ಯಾಡ ಅಂದ್ರ ಹೆಂಗ? ಆ ಚಾದ ಬಟ್ಟಲ ಇಲ್ಲಿ ಕೊಡು."

"ಅರ್ಧ ಕುಡದೀನ್ರಿ ಅಜ್ಜಿ."

"ಉಳದ ಅರ್ಧ ಕೊಡು."

ಅಕ್ಕ ನಿಜವಾಗಿಯೂ ಬಟ್ಟಲು ಕೊಟ್ಟರು. ದಾದಿ ಅದನ್ನು ಹಿಡಿದುಕೊಂಡು ಏನು ಮಾಡಬೇಕೆಂದು ತಿಳಿಯದೆ ತಾನೇ ಕುಡಿದಳು.

ಕಾರಿನತನಕ ಕಳಿಸಲು ಹೋದಾಗ ಅಕ್ಕ ನನ್ನ ಹತ್ತಿರ ಒಂದು ಮಾತು ಹೇಳಿದರು. "ನನಗ ಕ್ಯಾಮೆರಾ ಹಿಡಿಯೂದು ಕಲಿಸಿದ ಸರ್ ಒಬ್ಬರಿದ್ರು ಫಿರದೋಸ. ಬೆಳಕು ನೋಡೂದು ಅವರಿಂದನ ಕಲಿತೆ. ಆಮ್ಯಾಲ ನನ್ನ ಗೆಳತ್ಯಾರು ಇಬ್ಬರು ಅವರ ಮ್ಯಾಲ ದೂರು ಕೊಟ್ರು. ದೂರು ಖರೇನ ಇತ್ತು. ಅವರ ಹೆಸರು ನಾ ಎಲ್ಲೂ ಹೇಳೂದಿಲ್ಲ. ಆದ್ರ ಬೆಳಕು ನೋಡೂದನ್ನ ಹೆಂಗ ಮರೀಲಿ?" ಎಂದರು. ಕಾರಿನ ಬಾಗಿಲು ಹಾಕಿಕೊಂಡು ಹೋದರು.

ಅವ್ವಾ, ನೀನು ಹೇಳು. ನಾನು ಹಾಡಲೋ ಬೇಡವೋ? ಹಾಡಿದರೆ ಅಬ್ಬಾನ ಹೆಸರು ಹಿಡಿದು ಹಾಡಲೋ, ಬಿಟ್ಟು ಹಾಡಲೋ? ಕಿವಿ ನಿನ್ನದು. ನೀನು ಬೇಡ ಅಂದರೆ ನಾನು ಬಾಯಿ ಬಿಡುವುದಿಲ್ಲ, ದಾದಿ ಅತ್ತರೂ ಅಷ್ಟೆ, ಅಕ್ಕ ಅತ್ತರೂ ಅಷ್ಟೆ.

ಚಳಿ ಬಹಳ ಇದೆ. ನದಿಯ ದಂಡೆಯಲ್ಲಿ ಇನ್ನೂ ಹೆಚ್ಚಿರಬೇಕು. ಬಲಗಿವಿಗೆ ಹತ್ತಿ ಇಟ್ಟುಕೋ.

ನಿನ್ನ ದುವಾ ಬೇಡುವ
ಫಿರದೋಸ


ತಾಂಬಾ
೩೦ ಜನವರಿ ೨೦೨೫

ಅವ್ವಾ, ಸಲಾಂ.

ನಿನ್ನ ಪತ್ರ ಬಂದು ವಾರದ ಮೇಲಾಯಿತು. ಉತ್ತರ ಬರೆಯಲು ಕೂತವಳು ನಾಲ್ಕು ಸಲ ಎದ್ದೆ. ನೀನು ಬರೆದದ್ದು ಮೂರೇ ಸಾಲು. "ಹಾಡು. ನೀ ಅವತ್ತೂ ಹಾಡ ಹಿಡದಾಕಿ. ಇವತ್ತ ನನ್ನ ಯಾಕ ಕೇಳ್ತಿ?"

ಅಕ್ಷರ ದುಂಡಾಗಿವೆ. ಮೊದಲಿಗಿಂತ ಚೆಂದ ಬರೆಯುತ್ತೀ. ಅದನ್ನು ರವಿಕೆಯಲ್ಲಿಟ್ಟುಕೊಂಡು ಕೆಲಸಕ್ಕೆ ಹೋಗಿದ್ದೆ. ನಿಂಬೆಕಾಯಿ ರಾಶಿಯ ಮುಂದೆ ಕೂತಾಗ ನನ್ನ ಜೊತೆಗಿನ ಅಲ್ಮಾಸ, "ಯಾಕ ಸಪ್ಪಗದೀ, ಯಾರರ ಬೈದ್ರೇನ?" ಅಂದಳು. ಇಲ್ಲ, ಹಾಡು ಅಂದಿದ್ದಾರೆ ಎಂದೆ. "ಹಾಡು ಅಂದ್ರ ಯಾರರ ಹಿಂಗ ಮಾರಿ ಮಾಡ್ತಾರೇನ?" ಎಂದು ನಕ್ಕಳು.

ಅವತ್ತೂ ಎಂದು ನೀನು ಬರೆದದ್ದು ಯಾವ ದಿನದ ಮಾತು ಎಂದು ನನಗೆ ಗೊತ್ತಿದೆ. ಅದಕ್ಕೆ ಈಗ ಉತ್ತರ ಬರೆಯಲಾರೆ. ಮೊದಲು ಬೇರೆ ಒಂದು ಸಂಗತಿ ಬರೆಯಬೇಕು.

ಭಾನುವಾರ ಭೀಮಶ್ಯಾ ಕಾಕಾ ಹೊಲದಿಂದ ಸುಟ್ಟ ಎಳೆ ಜೋಳದ ಸೀತನಿ ತಂದಿದ್ದರು. ಕಟ್ಟೆಯ ಮೇಲೆ ಕೂತು ಬಿಸಿ ತೆನೆ ಅಂಗೈಯಲ್ಲಿ ತಿಕ್ಕಿ ಕಾಳು ಬಿಡಿಸಿ ದಾದಿಯ ಮುಂದೆ ಹಾಕುತ್ತಿದ್ದರು. ದಾದಿಗೆ ಹಲ್ಲಿಲ್ಲ, ಆದರೂ ಬಾಯಲ್ಲಿಟ್ಟುಕೊಂಡು ಚೀಪುತ್ತಾಳೆ. ಆಕೆ ಅಲ್ಲೇ ಗೋಡೆಗೆ ಒರಗಿ ಕಣ್ಣು ಮುಚ್ಚಿದ ಮೇಲೆ ನಾನು ಕಾಕಾನನ್ನು ಕೇಳಿದೆ. "ಕಾಕಾ, ಅಬ್ಬಾ ಅವ್ವನ್ನ ಯಾಕ ಹೊಡೆದ್ರು ಅವತ್ತು?"

ನೀನು ನನಗೆ ಯಾವತ್ತೂ ಹೇಳಲಿಲ್ಲ. ಹೊಡೆದರು ಎಂಬುದಷ್ಟೇ ನನಗೆ ಗೊತ್ತಿತ್ತು. ನಾನು ಆಗ ತೀರ ಸಣ್ಣವಳು. ಗಂಡಸರು ಹೊಡೆಯುವುದಕ್ಕೆ ಕಾರಣ ಇರುತ್ತದೆ ಎಂದೇ ನಾನು ಅಂದುಕೊಂಡಿರಲಿಲ್ಲ. ಮಳೆ ಗಾಳಿ ಬಂದ ಹಾಗೆ ಬರುತ್ತದೆ ಎಂದುಕೊಂಡಿದ್ದೆ.

ಕಾಕಾ ಕೈಯಲ್ಲಿದ್ದ ತೆನೆಯ ಕಾಳು ಪೂರಾ ಬಿಡಿಸಿದರು. ಆಮೇಲೆ ಹೇಳಿದರು.

"ಸಿಂದಗಿ ಕಡೆ ಒಂದೂರಾಗ ಹಾಡಿಕಿ ಇತ್ತು ತಂಗಿ. ನಿಮ್ಮವ್ವ ಮುಂದ ನಿಂತು ಹಾಡಾಕತ್ತಿದ್ಲು, ನಿಮ್ಮಪ್ಪ ದಪ್ಪು ಬಡೀತಿದ್ದ, ನಾ ತುಂತುಣಿ. ಆ ದಿನ ಆಕಿ ದನಿ ಹೆಂಗಿತ್ತಂದ್ರ, ಎದುರಿನ ಮ್ಯಾಳದವರು ತಮ್ಮ ಪಾಳಿ ಬಂದ್ರೂ ಏಳಲಿಲ್ಲ. ಮಂದಿ ಎದ್ದು ನಿಂತು ರಾಜಬಿ, ರಾಜಬಿ ಅಂತ ಒದರಾಕತ್ರು. ಸೀಟಿ ಹೊಡದ್ರು. ಹೆಣ್ಣಮಕ್ಕಳು ಓಡಿ ಬಂದು ಆಕೀನ ತೆಕ್ಕಿ ಬಡಕೊಂಡ್ರು. ಆ ಗದ್ದಲದಾಗ ಹಾಡು ಮುಗೀತು ಅಂತ ಎಲ್ಲಾರೂ ತಿಳಕೊಂಡ್ರು. ಆಕೀನೂ ತಿಳಕೊಂಡು ಕುಂತುಬಿಟ್ಲು."

"ಕಡೀ ನುಡಿ?"

"ಹಾಡದ ಉಳೀತು. ನಿಮ್ಮಪ್ಪನ ಹೆಸರ ಬರಲೇ ಇಲ್ಲ."

ಟೆಂಪೋದಲ್ಲಿ ಬರುವಾಗ ಅಬ್ಬಾ ಮಾತಾಡಲಿಲ್ಲವಂತೆ. ನೀನು ಮಾತ್ರ ತಲೆಯಲ್ಲಿದ್ದ ಹೂ ತೆಗೆದು ಉಡಿಯಲ್ಲಿಟ್ಟುಕೊಂಡು, "ಮಗಳಿಗೆ ಒಯ್ಯತೇನಿ" ಅಂದೆಯಂತೆ. ನಮ್ಮ ಅಂಗಳದಲ್ಲಿ ಇಳಿದ ಮೇಲೆ ಅಬ್ಬಾ ಕೈಯಲ್ಲಿದ್ದ ದಪ್ಪಿನಿಂದಲೇ ನಿನ್ನ ಎಡಗಿವಿಯ ಮೇಲೆ ಹೊಡೆದರಂತೆ. "ಯಾರ ಹಾಡು ಅದು? ಯಾರ ಹಾಡು?" ಎಂದು ಕೇಳುತ್ತ ಹೊಡೆದರಂತೆ.

"ನಾ ಅಲ್ಲೇ ಇದ್ದೆ," ಅಂದರು ಕಾಕಾ. "ತುಂತುಣಿ ಹಿಡಕೊಂಡು ನಿಂತಿದ್ದೆ. ಮುಂದಿನ ವಾರ ಬಾಗೇವಾಡಿ ಕಡೆ ಹಾಡಿಕಿ ಒಪ್ಪಿದ್ವಿ. ನಿಮ್ಮವ್ವಗ ಕಿವ್ಯಾಗ ರಕ್ತ, ಬ್ಯಾರೆ ಹೆಣ್ಣಮಗಳನ್ನ ಕರಕೊಂಡು ಹ್ವಾದ್ವಿ. ಆ ದಿನಾನೂ ಹೆಣ್ಣ ಹೆಚ್ಚು ಅಂತನ ಹಾಡಿದ್ವಿ. ಗೆದ್ವಿ."

ದಾದಿ ಕಣ್ಣು ಮುಚ್ಚಿಕೊಂಡೇ, "ಗೆದ್ದು ಬಂದು ಉಂಡ್ರು. ಮಾಡಿ ಹಾಕಿದಾಕಿ ನಾನು," ಅಂದಳು. ಆಕೆಗೆ ನಿದ್ದೆ ಬಂದಿರಲಿಲ್ಲ. ಸೀತನಿ ಆರಿ ಹೋಯಿತು.

ಅವ್ವಾ, ಆ ಹೂ ನನಗೆ ಮುಟ್ಟಿತೋ ಇಲ್ಲವೋ ನೆನಪಿಲ್ಲ.

ಆ ದಿನದಿಂದ ನನ್ನ ತಲೆಯಲ್ಲಿ ಒಂದೇ ಮಾತು. ಪ್ರಜ್ಞಾ ಅಕ್ಕ ಹೆಸರು ಬಿಡು ಅಂದರು. ನೀನು ಒಂದು ಸಲ ಮರೆತು ಬಿಟ್ಟಿದ್ದಕ್ಕೆ ಕಿವಿ ಕೊಟ್ಟೆ. ಈಗ ನಾನು ಬೇಕೆಂದೇ ಬಿಟ್ಟರೆ ನಿನ್ನ ಪರವಾಗಿ ಬಿಟ್ಟ ಹಾಗೆ ಆಗುತ್ತದೆ ಎಂದು ಮೊದಲು ಅನ್ನಿಸಿತು, ಎದೆ ಹಗುರವಾಯಿತು. ಮರುದಿನ ಹಾಗೆ ಅನ್ನಿಸಲಿಲ್ಲ. ಹೆಸರು ತೆಗೆದರೆ ಅದು ಯಾರದೂ ಅಲ್ಲದ ಹಾಡಾಗುತ್ತದೆ. ಹಾಡು ಯಾರದೂ ಅಲ್ಲವಾದರೆ ಆ ಪೆಟ್ಟೂ ಯಾರದೂ ಅಲ್ಲ. ಅಬ್ಬಾ ಆರಾಮ ತಪ್ಪಿಸಿಕೊಂಡು ಹೋಗುತ್ತಾರೆ.

ಅದಕ್ಕೆ ನಾನು ಒಂದು ಹೊಸ ಕಡೀ ನುಡಿ ಕಟ್ಟಿದ್ದೇನೆ. ನನಗೆ ಕಟ್ಟಲು ಬರುತ್ತದೆ ಎಂದು ಯಾರಿಗೂ ಹೇಳಿಲ್ಲ, ನಗಬೇಡ. ಅಬ್ಬಾನ ಕಡೀ ನುಡಿ ಹೀಗಿದೆ.

ಊರಾಗ ಊರು ತಾಂಬಾ ಊರು, ಹಾಡು ಕಟ್ಟಿದವ ಹುಲಿಯಂಥವ
ಖಾಜಾಸಾಬ ಕಟ್ಟಿದ ಹಾಡಿಗೆ ಸಭಾ ಎಲ್ಲಾ ತಲಿದೂಗ್ಯಾವ

ನಾನು ಕಟ್ಟಿದ್ದು ಇದು.

ತಾಂಬಾ ಊರಿನ ಖಾಜಾಸಾಬ ಕಟ್ಟಿದ್ದು ಈ ಹಾಡ
ಹಾಡಿದ ರಾಜಬಿ ಕಿವಿಯ ಕೆಡಿಸಿದ್ದು ಅದ ಕೈಯಿ ನೋಡ

ಅದೇ ಧಾಟಿಗೆ ಕೂರುತ್ತದೆ, ಎಮ್ಮೆಯ ಮುಂದೆ ಹಾಡಿ ನೋಡಿದ್ದೇನೆ. ನೀನು ಹೂಂ ಅಂದರೆ ಕ್ಯಾಮೆರಾ ಮುಂದೆ ಇದನ್ನೇ ಹಾಡುತ್ತೇನೆ. ನೀನು ಕಳೆದುಕೊಂಡ ಹಾಡಿನೊಳಗೆ ನಿನ್ನ ಹೆಸರು ಒಂದು ಸಲವಾದರೂ ಬರಲಿ. ನನ್ನ ಕೈಯಿಂದ ಇಷ್ಟಾದರೂ ಆಗಲಿ. ದಾದಿಗೂ ಅಕ್ಕನಿಗೂ ಇದನ್ನು ಹೇಳಿಲ್ಲ. ಮೊದಲು ನಿನಗೇ.

ಹದಿನೈದನೇ ತಾರೀಖಿಗೆ ಶೂಟಿಂಗು. ಅಷ್ಟರೊಳಗೆ ಎರಡು ಸಾಲು ಬರೆ. ಈ ಸಲ ಸಿಟ್ಟಿನಿಂದ ಬರೆದರೂ ನಡೆಯುತ್ತದೆ, ನಿನ್ನ ಮನಸ್ಸಿನಲ್ಲಿದ್ದದ್ದನ್ನು ಬರೆ.

ನಿನ್ನ
ಫಿರದೋಸ


ತಾಂಬಾ
೨೧ ಫೆಬ್ರುವರಿ ೨೦೨೫

ನನ್ನ ಅವ್ವನಿಗೆ,

ಸಲಾಂ. ಇಲ್ಲಿ ಎಲ್ಲ ಮುಗಿಯಿತು. ಐದು ದಿನ ಕೆಲಸಕ್ಕೆ ಹೋಗದೆ ಬಿದ್ದುಕೊಂಡಿದ್ದೆ. ಜ್ವರ ಏನಿಲ್ಲ, ಸುಮ್ಮನೆ ಸಾಕಾಗಿತ್ತು. ಇವತ್ತು ಎದ್ದು ತಲೆಗೆ ನೀರು ಹಾಕಿಕೊಂಡು ಮೊದಲು ನಿನಗೆ ಬರೆಯುತ್ತಿದ್ದೇನೆ.

ನಿನ್ನ ಪತ್ರ ಶೂಟಿಂಗಿನ ಹಿಂದಿನ ದಿನ ಬಂತು. ಬಾಗಿಲಲ್ಲೇ ನಿಂತು ಓದಿದೆ. "ನನ್ನ ಹೆಸರ ಬ್ಯಾಡ. ಅವನ ಮನ್ಯಾಗ ಅಷ್ಟ ವರ್ಷ ಇದ್ದೆ. ಇನ್ನ ಅವನ ಹಾಡಿನ್ಯಾಗೂ ಇರಬೇಕೇನ? ನಾ ಹೊರಗ ಬಂದಾಕಿ. ಮತ್ತ ಒಳಗ ಕರಿಬ್ಯಾಡ. ಹಾಡು ಅವಂದು, ಅವನ ಹೆಸರನ ಇರಲಿ."

ಓದಿ ನಾನು ಅಲ್ಲೇ ಹೊಸ್ತಿಲ ಮೇಲೆ ಕೂತೆ. ನಿನಗೆ ಒಳ್ಳೆಯದು ಮಾಡುತ್ತೇನೆ ಎಂದುಕೊಂಡು ನಾನು ನಿನ್ನನ್ನು ಮತ್ತೆ ಈ ಅಂಗಳಕ್ಕೇ ಎಳೆದು ತಂದು ನಿಲ್ಲಿಸುತ್ತಿದ್ದೆ, ಊರೂರು ಹಾಡುವ ಹಾಗೆ. ಅದು ನನಗೆ ಹೊಳೆದಿರಲಿಲ್ಲ. ನಾನು ಕಟ್ಟಿದ ಆ ಎರಡು ಸಾಲು ಒಲೆಗೆ ಹೋಯಿತು. ಒಲೆಗೆ ಹಾಕಿದರೂ ಬಾಯಲ್ಲಿ ಇದೆ, ಏನು ಮಾಡಲಿ. ಹಾಡುವುದಿಲ್ಲ.

ಶೂಟಿಂಗು ನಮ್ಮ ಓಣಿಯ ಬೇವಿನ ಗಿಡದ ಕೆಳಗೇ ಆಯಿತು. ಕತೆಯ ಹುಡುಗಿಯಾಗಿ ನಟಿಸುವವಳು ಬೇರೆ, ಬಣ್ಣ ಹಚ್ಚಿಕೊಂಡು ಬಂದಿದ್ದಳು. ನಾನು ಅವಳ ಹಿಂದೆ ಮರೆಯಲ್ಲಿ ಕೂತು ಹಾಡಬೇಕು, ಅವಳು ಬಾಯಿ ಆಡಿಸಬೇಕು. ನನಗೆ ಅದೇ ಒಳ್ಳೆಯದಾಯಿತು. ಎಮ್ಮೆಯ ಜಾಗದಲ್ಲಿ ಅವಳು ಎಂದು ಕಾಕಾ ಎಲ್ಲರಿಗೂ ಕೇಳುವಂತೆ ಹೇಳಿದರು. ಪಾಪ, ಅವಳೂ ನಕ್ಕಳು.

ಹಾಡುವ ಮೊದಲು ನಾನು ಪ್ರಜ್ಞಾ ಅಕ್ಕನನ್ನು ಬದಿಗೆ ಕರೆದು, "ಅಕ್ಕಾರ, ನಾ ಹೆಸರ ಹಿಡದ ಹಾಡ್ತೇನಿ. ನೀವು ಆಮ್ಯಾಲ ಬೇಕಾದ್ರ ತಗೀರಿ, ಬಿಡ್ರಿ. ನನ್ನ ಬಾಯಿಲೆ ಬಿಡಾಕ ಆಗೂದಿಲ್ಲ," ಅಂದೆ.

"ಯಾಕ? ಅಪ್ಪ ಅಂತನ?"

"ಅಲ್ರಿ. ಅವರು ಮಾಡಿದ್ದು ಅವರ ಹೆಸರಿಗೇ ಇರಲಿ ಅಂತ."

ಅಕ್ಕ ನನ್ನ ಮುಖ ನೋಡಿದರು. ನಿನ್ನ ಪತ್ರದ ಮಾತು ನಾನು ಹೇಳಲಿಲ್ಲ, ಕಡೀ ನುಡಿ ಹಾಡದೆ ಉಳಿದ ಆ ಹಾಡಿಕಿಯ ಕತೆಯನ್ನೂ ಹೇಳಲಿಲ್ಲ. ಅದು ಸಿಕ್ಕಿದ್ದರೆ ಅವರ ಸಿನಿಮಾಕ್ಕೆ ಬಹಳ ಚೆಂದ ಕೂರುತ್ತಿತ್ತು. ಅದಕ್ಕೇ ಹೇಳಲಿಲ್ಲ.

ಒಂದು ಮಾತು ಮಾತ್ರ ಬದಲಿಸಿದೆ. "ಹುಲಿಯಂಥವ" ಎಂಬುದನ್ನು ಬಿಟ್ಟೆ. ಆ ಜಾಗದಲ್ಲಿ ಸುಮ್ಮನೆ ಆಲಾಪ ಎಳೆದೆ. ಮಂದಿಗೆ ಗೊತ್ತಾಗಲಿಲ್ಲ. ಕಾಕಾಗೆ ಗೊತ್ತಾಯಿತು. ತುಂತುಣಿ ಅರೆಗಳಿಗೆ ನಿಂತು ಮತ್ತೆ ಶುರುವಾಯಿತು. ಅವರು ನನ್ನ ಕಡೆ ತಿರುಗಲಿಲ್ಲ.

ಸಿನಿಮಾ ತೆಗೆಯುವುದು ಎಂಥಾ ಬೇಸರದ ಕೆಲಸವೋ ಅವ್ವಾ. ಒಮ್ಮೆ ಹಾಡಿದರೆ ಟ್ರ್ಯಾಕ್ಟರಿನ ಸದ್ದು ಬಂತು ಅಂದರು. ಮತ್ತೊಮ್ಮೆ ಹಾಡಿದರೆ ಕಾಗೆ ಅಂದರು. ಇನ್ನೊಮ್ಮೆ ಆ ಹುಡುಗಿಯ ಬಾಯಿ ತಪ್ಪಿತು. ಬೇರೆ ನುಡಿಗಳೆಲ್ಲ ಸರಿ ಬಂದವು, ಕಡೀ ನುಡಿಯೊಂದೇ ಮತ್ತೆ ಮತ್ತೆ. ಖಾಜಾಸಾಬ, ಖಾಜಾಸಾಬ, ಖಾಜಾಸಾಬ. ಮೊದಮೊದಲು ಹೆಸರು ಬಂದಾಗೆಲ್ಲ ಅಂಗಳದಲ್ಲಿ ದಪ್ಪು ಎತ್ತಿದ ಕೈ ಕಾಣುತ್ತಿತ್ತು. ಆಮೇಲೆ ನನ್ನ ಗಲ್ಲ ಹಿಡಿದು ಸ್ವರ ತಿದ್ದುತ್ತಿದ್ದ ಅದೇ ಕೈ ಕಾಣುತ್ತಿತ್ತು. ಕಡೆಕಡೆಗೆ ಏನೂ ಕಾಣಲಿಲ್ಲ. ಹೆಸರು ಬರೀ ಗಂಟಲಿನ ಕೆಲಸವಾಯಿತು, ನಿಂಬೆಕಾಯಿ ಆರಿಸಿದ ಹಾಗೆ.

ಹೊರಸಿನ ಮೇಲೆ ಕೂತಿದ್ದ ದಾದಿ ಮೊದಲು ಸೆರಗಿನಿಂದ ಕಣ್ಣು ಒರೆಸಿಕೊಂಡವಳು, ಹೊತ್ತು ಇಳಿಯುವಾಗ ತಾನೇ ಕೂಗಿದಳು. "ಸಾಕ ಬಿಡ್ರೆವ್ವಾ! ನನ್ನ ಮಗನ ಹೆಸರ ಸವದ ಹೋತು!"

ಎಲ್ಲರೂ ನಕ್ಕರು. ದಾದಿ ನಗಲಿಲ್ಲ. ನಾನೂ ನಗಲಿಲ್ಲ. ಆಕೆ ಕೂಗುವ ಮೊದಲು ಹಾಡಿದ್ದೇ ಕಡೆಯದು, ಅದೇ ಸರಿ ಬಂತಂತೆ.

ಮುಗಿದ ಮೇಲೆ ಓಣಿಯವರೆಲ್ಲ ನನ್ನ ಬೆನ್ನು ತಟ್ಟಿದರು. "ಮಗಳಂದ್ರ ಹಿಂಗಿರಬೇಕು, ಅಪ್ಪನ ಹೆಸರ ಉಳಿಸಿದ್ಲು," ಅಂದರು. ನಾನು ತಲೆ ತಗ್ಗಿಸಿ ನಿಂತಿದ್ದೆ. ಅದನ್ನೂ ಅವರು ಮರ್ಯಾದೆ ಎಂದುಕೊಂಡರು. ದಾದಿ ಮಾತ್ರ ಒಳಗೆ ಬಂದ ಮೇಲೆ, "ಹುಲಿ ಎಲ್ಲಿ ಹೋತ?" ಎಂದು ಕೇಳಿದಳು. ನಾನು ರೊಟ್ಟಿ ಬಡಿಯುತ್ತಿದ್ದೆ. ಬಡಿಯುತ್ತಲೇ ಇದ್ದೆ. ಬಿಸಿ ರೊಟ್ಟಿ ಮುಂದಿಟ್ಟ ಮೇಲೆ, "ಹೋಗ್ಲಿ ಬಿಡು," ಅಂದಳು. ತಾಯಿ ಆಕೆ. ಅಷ್ಟು ಅಂದದ್ದೇ ದೊಡ್ಡದು.

ಹೊರಡುವ ಮೊದಲು ಪ್ರಜ್ಞಾ ಅಕ್ಕ ಕೈ ಹಿಡಿದು ಹೇಳಿದರು, "ಸಿನಿಮಾದಾಗ ಹೆಸರ ಇಡತೀನೋ ತಗೀತೀನೋ ನನಗ ಇನ್ನೂ ಗೊತ್ತಿಲ್ಲ ಫಿರದೋಸ. ನಾ ಈ ಕತಿ ಬರದಾಗ ಬಹಳ ಹಗುರ ಐತಿ ಅನ್ಕೊಂಡಿದ್ದೆ." ಅವರ ಮುಖವೂ ಸೋತಿತ್ತು. ದಾದಿ ಅವರಿಗೆ ಪೂರಾ ಬಟ್ಟಲು ಚಾ ಕೊಟ್ಟಳು, ಮುಗಿಯುವತನಕ ಎದುರೇ ನಿಂತಿದ್ದಳು.

ಈಗ ನಾನು ಆ ಹಾಡು ಹಾಡುತ್ತೇನೋ ಇಲ್ಲವೋ ಎಂದು ನೀನು ಕೇಳಬಹುದು. ನಿನ್ನೆ ಎಮ್ಮೆಗೆ ನೀರು ಕುಡಿಸುವಾಗ ಬಾಯಿಗೆ ತಾನೇ ಬಂತು. ಬಂದದ್ದನ್ನು ಹಿಡಿದು ನಿಲ್ಲಿಸಲಿಲ್ಲ, ಪೂರಾ ಹಾಡಲೂ ಇಲ್ಲ. ಎಮ್ಮೆ ಕಿವಿ ಅಲ್ಲಾಡಿಸಿತು. ಅಷ್ಟೆ.

ರಂಜಾನ್ ಹತ್ತಿರ ಬಂತು. ಹಬ್ಬಕ್ಕೆ ನಾನು ತಂಗಡಗಿಗೆ ಬರುತ್ತೇನೆ. ದಾದಿಯನ್ನು ನೋಡಿಕೊಳ್ಳಲು ಅಲ್ಮಾಸ ಒಪ್ಪಿದ್ದಾಳೆ. ಸಿಂದಗಿ, ಬಾಗೇವಾಡಿ, ಮುದ್ದೇಬಿಹಾಳ, ಎಲ್ಲಿ ಬಸ್ಸು ಸಿಕ್ಕರೆ ಅಲ್ಲಿಂದ. ನೀನು ಮಾಡುವ ಹಾಲು ಶಾವಿಗೆಯ ಸುರಕುಂಬಾ ತಿಂದು ಎಷ್ಟು ವರ್ಷವಾಯಿತು. ಅಲ್ಲಾಹ್ ನಿನ್ನನ್ನು ಆರಾಮ ಇಡಲಿ, ಉಳಿದ ಕಿವಿಯನ್ನು ಕಾಪಾಡಲಿ. ನಿನ್ನ ದುವಾದಲ್ಲಿ ಒಂದು ಮೂಲೆ ನನಗೂ ಇರಲಿ.

ನಿನ್ನ ಮಗಳು
ಫಿರದೋಸ

ತಾ. ಕ.: ಒಂದು ಮಾತು ಉಳಿಯಿತು. ಇದು ನಿನ್ನ ಬಲಗಿವಿಗೆ ಬಾಯಿಟ್ಟು ಕೂಗಿ ಹೇಳುವಂಥದ್ದಲ್ಲ, ಅದಕ್ಕೇ ಇಷ್ಟು ವರ್ಷ ಉಳಿಯಿತು. "ನೀ ಅವತ್ತೂ ಹಾಡ ಹಿಡದಾಕಿ" ಎಂದು ಬರೆದಿದ್ದೆಯಲ್ಲ, ಅದಕ್ಕೆ ಉತ್ತರ. ನಾನು ಏಳನೇ ಇಯತ್ತೆಯಲ್ಲಿದ್ದೆ. ನಿನ್ನ ಜಾಗದಲ್ಲಿ ನಿಲ್ಲಿಸಬೇಕೆಂದು ಅಬ್ಬಾ ನನ್ನನ್ನು ಎದುರಿಗೆ ಕೂರಿಸಿಕೊಂಡು ಇದೇ ಹಾಡು ಕಲಿಸುತ್ತಿದ್ದರು. ನೀನು ಗಂಟು ಹಿಡಿದು ಬಾಗಿಲಲ್ಲಿ ನಿಂತು, "ನಡಿ ಫಿರದೋಸ" ಅಂದೆ. ನಾನು, "ಕಡೀ ನುಡಿ ಐತಿ ಅವ್ವಾ, ಮುಗಿಸಿ ಬರ್ತೇನಿ" ಅಂದೆ. ಹಾಡಿನ ಆಸೆಗೆ ಕೂತೆನೋ, ಅದನ್ನು ಬಿಟ್ಟು ಎದ್ದರೆ ಏನಾಗುತ್ತದೋ ಎಂಬ ಹೆದರಿಕೆಗೆ ಕೂತೆನೋ, ನನಗೆ ಇವತ್ತಿಗೂ ತಿಳಿಯದು. ನೀನು ನನ್ನ ಮುಖ ನೋಡಿ ಹೊರಟು ಹೋದೆ. ಮಗಳು ಹಾಡನ್ನೇ ಹಿಡಿದಳು ಎಂದುಕೊಂಡೇ ಹೋದೆ. ಆದರೆ ನಾನು ಬಂದಿದ್ದೆ ಅವ್ವಾ. ಹೆಸರು ಮುಗಿದ ಕೂಡಲೇ ಎದ್ದು ಬರಿಗಾಲಲ್ಲಿ ಸ್ಟ್ಯಾಂಡಿನತನಕ ಓಡಿ ಬಂದೆ. ಸಿಂದಗಿ ಬಸ್ಸು ಆಗತಾನೇ ಹೊರಟಿತ್ತು. ನೀನು ಎಡಗಡೆಯ ಕಿಟಕಿಗೆ ಕೂತಿದ್ದೆ. ನಾನು ಆ ಕಿಟಕಿಯ ಕೆಳಗೇ ಓಡುತ್ತ, ಅವ್ವಾ, ಅವ್ವಾ, ಬಂದೆ ಎಂದು ಕೂಗಿದೆ. ಬಸ್ಸಿನಲ್ಲಿದ್ದ ಬೇರೆಯವರು ತಿರುಗಿ ನೋಡಿದರು. ನಿನ್ನ ಎಡಗಿವಿ ನನ್ನ ಕಡೆಗಿತ್ತು.